ಬೇರೆ ಯಾರೂ ನೋಡದ ಲೆಕ್ಕದ ಪುಸ್ತಕ

ಮಂಜುಳಾ ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು ಹೇಳಲು, ದುಡ್ಡಿನ ಮಾತಾಡಲು ಅಲ್ಲ. (ಹೆಸರು ನಿಜವಾದದ್ದಲ್ಲ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.) ಅದು 2023ರ ಅಕ್ಟೋಬರ್. ಅವರಿಗೆ 39 ವರ್ಷ, ಮದುವೆಯಾಗಿಲ್ಲ. ನೆಲಮಂಗಲದ ಕಡೆ ಒಂದು ಕೋಣೆಯ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ 11 ವರ್ಷ ಚೆಕ್ಕಿಂಗ್ ಕೆಲಸ ಮಾಡಿದ್ದರು. ಆಗಸ್ಟ್ ಕೊನೆಯಲ್ಲಿ ಆ ಘಟಕ ಮುಚ್ಚಿತು. ಕೊನೆಯ ಸಂಬಳ 20,400 ರೂಪಾಯಿ.

ಮನೆ ಸಾಲದ ಕಂತು ತಿಂಗಳಿಗೆ 9,000. ಕೆಲಸ ಹೋದ ಮೇಲೂ ಎರಡು ಕಂತು ತಪ್ಪದೆ ಕಟ್ಟಿದ್ದರು. ಹೇಗೆ ಎಂದು ಕೇಳಿದಾಗ ತುಂಬಾ ಹೊತ್ತು ಸುಮ್ಮನಿದ್ದರು. ಅಮ್ಮನ ಸರವನ್ನು ಗಿರವಿ ಇಟ್ಟು 60,000 ತಂದಿದ್ದರು. ಅದರಲ್ಲಿ ಹೆಚ್ಚಿನ ಪಾಲು ಹಳೆಯ ಚೀಟಿ ಬಾಕಿಗೇ ಹೋಯಿತು. ಆಮೇಲೆ ಪರಿಚಯದವರೊಬ್ಬರಿಂದ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ 15,000 ಪಡೆದಿದ್ದರು. ರಾತ್ರಿಯ ಊಟ ಬಿಟ್ಟಿದ್ದರು. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಕೆಲಸ ಹೋದ ಮೇಲೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಔಷಧಾಲಯದಲ್ಲಿ ತನಗೆ ಹಕ್ಕಿಲ್ಲ ಎಂದುಕೊಂಡು ಅಂಗಡಿಯಿಂದ ಕೊಳ್ಳುತ್ತಿದ್ದುದೇ ಅದಕ್ಕೆ ಕಾರಣ.

"ಒಂದು ಕಂತು ತಪ್ಪಿದರೆ ಬ್ಯಾಂಕಿನವರು ಬೀಗ ಹಾಕುತ್ತಾರೆ ಮೇಡಂ. ಮನೆ ಹೋದ ಮೇಲೆ ನಾನಿದ್ದು ಏನು?"

ಇಂಥ ಮಾತು ಬಂದಾಗ ನಾನು ನೇರವಾಗಿಯೇ ಕೇಳುತ್ತೇನೆ: ಸಾಯುವ ಯೋಚನೆ ಬಂದಿದೆಯೇ, ಹೇಗೆ ಎಂದು ಯೋಚಿಸಿದ್ದೀರಾ ಎಂದು. ಯೋಚನೆ ಬಂದುಹೋಗಿತ್ತು, ಸಿದ್ಧತೆ ಇರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಅಲ್ಲೇ ಬರೆಸಿದೆ, ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದೆಂದು ಹೇಳಿದೆ. ಆ ವಾರದ ಪ್ರತಿ ಸಂಜೆ ನಾನೇ ಫೋನ್ ಮಾಡಿದೆ. ಲೆಕ್ಕದ ಮಾತು ಆಮೇಲಿನದು.

ಮೊದಲು ಆ ಬೀಗದ ಭಯವನ್ನು ಬಿಡಿಸಬೇಕಿತ್ತು. ಬಾಕಿ 90 ದಿನ ದಾಟಿದ ಮೇಲಷ್ಟೇ ಸಾಲವನ್ನು ವಸೂಲಾಗದ ಸಾಲವೆಂದು ವರ್ಗೀಕರಿಸುತ್ತಾರೆ. ಅದಾದ ಮೇಲೂ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸ್ ಕೊಡದೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳುವಂತಿಲ್ಲ. ಕಂತು ತಪ್ಪಿಸಿ ಎಂದು ನಾನು ಹೇಳಲಿಲ್ಲ. ತಪ್ಪಿದರೆ ದಂಡ ಬೀಳುತ್ತದೆ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ. ಆದರೆ ಒಂದು ಕಂತಿಗಾಗಿ ಊಟ ಬಿಡುವುದೂ ನೂರಕ್ಕೆ ಮೂರರ ಬಡ್ಡಿಗೆ ಕೈ ಒಡ್ಡುವುದೂ ಅದಕ್ಕಿಂತ ದೊಡ್ಡ ಅಪಾಯ. ಅನ್ನ, ಮಾತ್ರೆ, ಆಮೇಲೆ ಕಂತು: ಈ ಸಾಲನ್ನು ಅವರ ಕೈಯಲ್ಲೇ ಬರೆಸಿದೆ.

ಎರಡನೆಯ ಭೇಟಿಗೆ ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿ ತರಲು ಹೇಳಿದ್ದೆ. ಚೀಲದ ತಳದಲ್ಲಿ ಮಡಿಸಿಟ್ಟ ಒಂದು ಹಾಳೆ ಇತ್ತು. "ಸ್ವಂತ ಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ" ಎಂಬ ಅಚ್ಚಾದ ಒಕ್ಕಣೆ, ಕೆಳಗೆ ಖಾಲಿ ಜಾಗ. ಅದಕ್ಕೆ ಸಹಿ ಹಾಕಿದರೆ ಮಾತ್ರ ಬಾಕಿ ಹಣ ಬೇಗ ಕೈಗೆ ಬರುತ್ತದೆ ಎಂದಿದ್ದರಂತೆ. ಆ ದಿನ ಮನಸ್ಸು ಒಪ್ಪದೆ ಹಾಗೆಯೇ ತಂದಿದ್ದರು. ಆ ಹಿಂಜರಿಕೆಯೇ ಅವರನ್ನು ಉಳಿಸಿತು. ಘಟಕ ಮುಚ್ಚಿದಾಗ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕೆಂದು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳುತ್ತಿತ್ತು. ಅವರ ಲೆಕ್ಕದಲ್ಲಿ ಅದು 1,12,200 ರೂಪಾಯಿ. ತಾನಾಗಿಯೇ ಬಿಟ್ಟೆ ಎಂದು ಬರೆದುಕೊಟ್ಟವರಿಗೆ ಅದನ್ನು ಕೇಳುವ ನೆಲೆಯೇ ಇರುವುದಿಲ್ಲ. ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಸಾಕು, ರಾಜೀನಾಮೆಗೂ ಅದಕ್ಕೂ ಸಂಬಂಧವಿಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,300. ಅದನ್ನು 26ರಿಂದ ಭಾಗಿಸಿ, 15ರಿಂದಲೂ 11 ವರ್ಷದಿಂದಲೂ ಗುಣಿಸಿದರೆ 90,750. ಎರಡಕ್ಕೂ ಬರಹದಲ್ಲಿ ಬೇಡಿಕೆ ಸಲ್ಲಿಸಿ, ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ ಎಂದೆ.

ನಿರುದ್ಯೋಗ ಭತ್ಯೆ ಎಂಬುದು ತನಗೂ ಇದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಹತ್ತಾರು ವರ್ಷ ಇಎಸ್‌ಐ ವಂತಿಗೆ ಕಟ್ಟಿದವರಿಗೂ ಇದನ್ನು ಯಾರೂ ಹೇಳಿರುವುದಿಲ್ಲ. ನನಗೆ ಇದರ ಬಗ್ಗೆ ನಿಜವಾದ ಸಿಟ್ಟಿದೆ. ಈ ಭತ್ಯೆ ಕೊಡುವ ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರಲ್ಲಿ ಬಂತು. 2020ರಲ್ಲಿ ಭತ್ಯೆಯನ್ನು ಸರಾಸರಿ ದಿನಗೂಲಿಯ ಕಾಲು ಭಾಗದಿಂದ ಅರ್ಧಕ್ಕೆ ಏರಿಸಿದರು. ಆಗಿನ ನಿಯಮದಂತೆ ಕೆಲಸ ಹೋಗಿ 30 ದಿನ ಕಳೆದರೆ ಅರ್ಜಿ ಹಾಕಬಹುದಿತ್ತು, ಮಾಲೀಕರ ಮೂಲಕವೇ ಹೋಗಬೇಕಿರಲಿಲ್ಲ. ಜೀವಮಾನದಲ್ಲಿ ಒಟ್ಟು 90 ದಿನ ಮಾತ್ರ. ಮಂಜುಳಾ ಅವರಿಗೆ ದಿನಕ್ಕೆ 340, ಮೂರು ತಿಂಗಳಿಗೆ 30,600. ಚಿಕಿತ್ಸೆಯ ಹಕ್ಕೂ ಹೋಗಿರಲಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಕೈ ಹಿಡಿಯುತ್ತದೆ. ಮಾರನೆಯ ದಿನವೇ ಔಷಧಾಲಯಕ್ಕೆ ಹೋಗಿ ಮಾತ್ರೆ ತಂದರು. ಹೋಗಿಬರಲು ಬಸ್ಸಿಗೆ ಶಕ್ತಿ ಯೋಜನೆ ಇತ್ತು, ಮನೆಯ ಕರೆಂಟಿಗೆ ಗೃಹಜ್ಯೋತಿ.

ಇಷ್ಟಾದರೂ ತಿಂಗಳಿಗೆ ಸಿಗುವ ಭತ್ಯೆಯ 10,200ರಲ್ಲಿ 9,000 ಕಂತು ಕಟ್ಟಿ ಬದುಕುವುದು ಆಗದ ಮಾತು. ಬ್ಯಾಂಕಿಗೆ ಮೊದಲೇ ತಿಳಿಸಿ, ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ ಎಂದೆ. ಬ್ಯಾಂಕಿನವರು ಅವಧಿಯನ್ನು 25 ವರ್ಷಕ್ಕೆ ಎಳೆಯುವ ದಾರಿ ತೋರಿಸಿದರು. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. 2020ರಲ್ಲಿ ಪಡೆದ 10 ಲಕ್ಷದಲ್ಲಿ ಇನ್ನೂ 9 ಲಕ್ಷ 30 ಸಾವಿರ ಬಾಕಿ ಇತ್ತು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿದಾಗ ಅವರ ಬಡ್ಡಿ ಶೇ 9.5 ಆಗಿತ್ತು. ಹೀಗಾಗಿ 9,000ದಲ್ಲಿ 7,360 ಬರೀ ಬಡ್ಡಿ. ಅವಧಿ ಎಳೆದರೆ ತಿಂಗಳಿಗೆ ಉಳಿಯುವುದು 875 ರೂಪಾಯಿ. ಕೊನೆಗೆ ಹೆಚ್ಚು ಕಟ್ಟಬೇಕಾದದ್ದು ಸುಮಾರು 4 ಲಕ್ಷ 90 ಸಾವಿರ, ಅದೂ 64ನೆಯ ವಯಸ್ಸಿನವರೆಗೆ. ಬೇಡ ಎಂದು ಅವರೇ ತೀರ್ಮಾನಿಸಿದರು.

ಮನೆಯನ್ನು ಬಾಡಿಗೆಗೆ ಕೊಟ್ಟು ಸ್ವಲ್ಪ ಕಾಲ ಊರಿನ ಅಣ್ಣನ ಮನೆಯಲ್ಲಿ ಇರಬಹುದೇ ಎಂದು ಕೇಳಿದೆ. ಕೇಳಬಾರದಿತ್ತು, ಅಷ್ಟು ಬೇಗನಂತೂ.

"ಅಲ್ಲಿದ್ದಾಗ ಒಂದು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೂ ಅತ್ತಿಗೆಯ ಮುಖ ನೋಡುತ್ತಿದ್ದೆ ಮೇಡಂ. ಆ ಮುಖ ನೋಡದೆ ಇರುವುದಕ್ಕೇ ಈ ಮನೆ."

ಆ ಮಾತಿನ ನಂತರವೇ ನಾನು ಸಾಲವನ್ನು ಅವರ ಕಣ್ಣಿನಿಂದ ನೋಡಲು ಕಲಿತೆ. ಮನೆ ಬಿಡುವುದು ಬೇಡ, ಮನೆಯೊಳಗೆ ಇನ್ನೊಬ್ಬರು ಬರಬಹುದೇ? ಅದೇ ಕಾರ್ಖಾನೆಯಲ್ಲಿ ಹೊಲಿಗೆ ವಿಭಾಗದಲ್ಲಿದ್ದ ಸುಮಿತ್ರಾ (ಇದೂ ಬದಲಿಸಿದ ಹೆಸರು) ಬೇರೆ ಕಡೆ ಕೆಲಸ ಹಿಡಿದು ಕೋಣೆ ಹುಡುಕುತ್ತಿದ್ದರು. ತಿಂಗಳಿಗೆ 4,500, ಅಡುಗೆಯ ಖರ್ಚು ಅರ್ಧರ್ಧ. ಗೆಳತಿಯಾದರೂ ಕರಾರು ಕಾಗದದಲ್ಲಿರಲಿ, ಡಬ್ಬಿ ತೆಗೆಯಲು ಯಾರೂ ಯಾರ ಮುಖವನ್ನೂ ನೋಡಬೇಕಾಗದಂತೆ ಮೊದಲ ದಿನವೇ ಮಾತಾಡಿಕೊಳ್ಳಿ ಎಂದೆ. ಉಳಿದ ಕೊರತೆಗೆ ಆಗಿನ ನಿಯಮದಂತೆ ಪಿಎಫ್‌ನಿಂದ 60,000 ಮಾತ್ರ ತೆಗೆದರು, ಉಳಿದದ್ದನ್ನು ಮುಟ್ಟಲಿಲ್ಲ. (ಪಿಎಫ್ ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವವರು ಆ ದಿನದ ನಿಯಮವನ್ನೇ ನೋಡಿಕೊಳ್ಳಬೇಕು.)

ಜನವರಿಯಲ್ಲಿ ಗ್ರಾಚ್ಯುಟಿ ಬಂದಾಗ ಮಂಜುಳಾ ಹಿಗ್ಗಿನಿಂದ ಓಡಿಬಂದರು. ಅಷ್ಟನ್ನೂ ಮನೆ ಸಾಲಕ್ಕೆ ಕಟ್ಟುತ್ತೇನೆ, ನಾಲ್ಕು ವರ್ಷ ಕಡಿಮೆಯಾಗುತ್ತದೆ ಎಂದರು. ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಆದರೆ ಕಡಿಮೆಯಾಗುವುದು ಆ ತುದಿಯ ನಾಲ್ಕು ವರ್ಷ, ಫೆಬ್ರವರಿಯ 9,000 ಫೆಬ್ರವರಿಯಲ್ಲೇ ಕೇಳುತ್ತದೆ. ಗೋಡೆಯೊಳಗೆ ಸೇರಿದ ದುಡ್ಡನ್ನು ಕಷ್ಟಕಾಲದಲ್ಲಿ ಹೊರತೆಗೆಯಲಾಗದು. ಮೊದಲು ನೂರಕ್ಕೆ ಮೂರರ ಸಾಲ, ಅಂದರೆ ವರ್ಷಕ್ಕೆ ಶೇ 36, ಅದನ್ನು ಇಂದೇ ತೀರಿಸಿ. ಆಮೇಲೆ ಸರ ಬಿಡಿಸಿಕೊಳ್ಳಿ. ಉಳಿದದ್ದು ಖಾತೆಯಲ್ಲಿರಲಿ. ಒಪ್ಪಲು ಒಂದು ವಾರ ತೆಗೆದುಕೊಂಡರು. ಸಾಲ ಬೇಗ ತೀರಬೇಕೆಂಬ ಅವರ ಆಸೆ ದುರಾಸೆಯಲ್ಲ. ಒಬ್ಬರೇ ಇರುವವರಿಗೆ ಋಣವೆಂದರೆ ರಾತ್ರಿ ಮನೆಯಲ್ಲಿರುವ ಇನ್ನೊಂದು ಉಸಿರು. ಅದನ್ನು ಬಲ್ಲೆ, ಅದಕ್ಕೇ ಅವಸರ ಮಾಡಲಿಲ್ಲ.

ಫೆಬ್ರವರಿ ಕೊನೆಗೆ ಬೇರೆ ಘಟಕವೊಂದರಲ್ಲಿ ಕೆಲಸ ಸಿಕ್ಕಿತು. ಸಂಬಳ 16,500, ಹಿಂದಿನದಕ್ಕಿಂತ ಕಡಿಮೆ. ಸುಮಿತ್ರಾ ಇನ್ನೂ ಅಲ್ಲೇ ಇದ್ದಾರೆ. ಕಳೆದ ಬಾರಿ ಬಂದಾಗ ಲೆಕ್ಕದ ಪುಸ್ತಕ ತೋರಿಸಿದರು. ಅದರಲ್ಲಿ ಎರಡು ಬಗೆಯ ಕೈಬರಹಗಳಿದ್ದವು. ಒಂದು ಪುಟದಲ್ಲಿ "ಮಾತ್ರೆ ಮುಗಿದಿದೆ, ನಾಳೆ ತರಬೇಕು" ಎಂದು ಸುಮಿತ್ರಾ ಬರೆದಿದ್ದರು.

ಮುಚ್ಚಿದ ಘಟಕದಿಂದ ಬರಬೇಕಾದ ಪರಿಹಾರ ಇನ್ನೂ ಬಂದಿಲ್ಲ. ಮುಂದಿನ ವಿಚಾರಣೆಗೆ ಇಬ್ಬರೂ ರಜೆ ಹಾಕಿ ಒಟ್ಟಿಗೆ ಹೋಗುತ್ತಾರಂತೆ.