ಬೇರೆ ಬೇರೆ ತುಣುಕುಗಳನ್ನು ಒಂದೇ ಡಿವಿಡಿಗೆ ಸೇರಿಸಿದಾಗ ಚಿತ್ರ ಮಸುಕಾಗದಿರಲು ಏನು ಮಾಡಬೇಕು?
ತಂದೆಯವರ ಷಷ್ಟ್ಯಬ್ದಿಗೆಂದು ಹಳೆಯ ಹ್ಯಾಂಡಿಕ್ಯಾಮ್ ಟೇಪು, ಮದುವೆಯ ಡಿವಿಡಿ, ಮೊಬೈಲ್ ಮತ್ತು ವಾಟ್ಸ್‌ಆ್ಯಪ್ ತುಣುಕುಗಳನ್ನೆಲ್ಲ ಎಂಪಿ4 ಮಾಡಿಕೊಂಡು, ಜೋಡಿಸಿ, ಮತ್ತೊಂದು ಎಂಪಿ4 ತೆಗೆದು, ಅದನ್ನು ಡಿವಿಡಿಗೆ ಹಾಕಿದೆ ಎಂದು ಬರೆದಿದ್ದೀರಿ. ಮದುವೆ ವಿಡಿಯೊಗಳ ಸಂಕಲನವೇ ನನ್ನ ಕಸುಬು. ನಿಮ್ಮ ಚಿತ್ರ ಕೆಟ್ಟಿರುವುದು ಈ ಸುತ್ತುದಾರಿಯಲ್ಲಿಯೇ.

ಪ್ರತಿ ಎನ್‌ಕೋಡ್‌ನಲ್ಲೂ, ಅಂದರೆ ವಿಡಿಯೊವನ್ನು ಕುಗ್ಗಿಸಿ ಹೊಸ ಕಡತವಾಗಿ ಬರೆಯುವಾಗಲೆಲ್ಲ, ಚಿತ್ರದ ಒಂದಿಷ್ಟು ವಿವರ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ನೀವು ಮೂರು ಸಲ ಎನ್‌ಕೋಡ್ ಮಾಡಿದ್ದೀರಿ. ಸೋಸಿದ ಚಹಾಪುಡಿಯನ್ನೇ ಮತ್ತೆ ಮತ್ತೆ ಕುದಿಸಿದ ಹಾಗೆ. ಮೂಲ ಕಡತಗಳನ್ನೇ ಸಂಕಲನಕ್ಕೆ ಎಳೆದುಕೊಳ್ಳಿ, ಅಲ್ಲಿಂದ ನೇರವಾಗಿ ಡಿವಿಡಿಯ ವಿಡಿಯೊ ರೂಪವಾದ ಎಂಪಿಇಜಿ-2 ತೆಗೆಯಿರಿ. ಎನ್‌ಕೋಡ್ ಒಂದೇ ಸಲ ಆಗಲಿ. ಮದುವೆಯ ಡಿವಿಡಿಯಲ್ಲಿರುವುದು ಈಗಾಗಲೇ ಎಂಪಿಇಜಿ-2. ಅದನ್ನು ಕತ್ತರಿಸದೆ ಇಡೀ ಅಧ್ಯಾಯವಾಗಿ ಬಳಸುವುದಾದರೆ ಆ ಒಂದು ಸಲವೂ ಬೇಡ; ಡಿವಿಡಿಸ್ಟೈಲರ್‌ನಂಥ ಉಚಿತ ತಂತ್ರಾಂಶದಲ್ಲಿ ಅದನ್ನು ಇದ್ದಂತೆಯೇ ನಕಲು ಮಾಡುವ ಆಯ್ಕೆ ಇದೆ.

ಡಿವಿಡಿಗೂ ಅದರದ್ದೇ ಮಿತಿ ಇದೆ. ನಮ್ಮಲ್ಲಿ ನಡೆಯುವ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಚೌಕಟ್ಟು 720×576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿಚಿತ್ರ. ಫುಲ್ ಎಚ್‌ಡಿ ಮೊಬೈಲ್ ವಿಡಿಯೊದ ಪಿಕ್ಸೆಲ್‌ಗಳಲ್ಲಿ ಐದರಲ್ಲೊಂದು ಪಾಲು ಮಾತ್ರ ಇದರಲ್ಲಿ ಉಳಿಯುತ್ತದೆ. ಮೊಬೈಲನ್ನು ನಿಲ್ಲಿಸಿ ಹಿಡಿದು ತೆಗೆದ ವಿಡಿಯೊದ ಪಾಡು ಇನ್ನೂ ಕಷ್ಟ: ಅಗಲ ಪರದೆಯ ನಡುವೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಅಗಲದ ಪಟ್ಟಿಯಾಗಿ ಕೂರುತ್ತದೆ. ಇದನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು.

ಹೆಚ್ಚಿನವರು ಗಮನಿಸದ ಸಂಗತಿ ಹ್ಯಾಂಡಿಕ್ಯಾಮ್ ಟೇಪಿನದ್ದು. ಅದರ ಪ್ರತಿ ಫ್ರೇಮ್ ಎರಡು ಫೀಲ್ಡ್‌ಗಳಾಗಿ, ಸಾಲು ಬಿಟ್ಟು ಸಾಲು ದಾಖಲಾಗಿರುತ್ತದೆ. ಹ್ಯಾಂಡಿಕ್ಯಾಮ್‌ಗಳ ಮಿನಿ ಡಿವಿ ಎಂಬ ಡಿಜಿಟಲ್ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ಆದರೆ ಅನೇಕ ತಂತ್ರಾಂಶಗಳು ಮೇಲಿನದನ್ನೇ ಮೊದಲೆಂದು ಭಾವಿಸುತ್ತವೆ. ಕ್ರಮ ತಪ್ಪಿದರೆ ನಿಂತವರ ಮುಖ ಸರಿಯಾಗಿಯೇ ಕಾಣುತ್ತದೆ, ಅಕ್ಷತೆ ಹಾಕುವ ಕೈ ಮಾತ್ರ ಹಿಂದೆ ಮುಂದೆ ನಡುಗುತ್ತದೆ. ನಿಮ್ಮ ಟಿವಿಯಲ್ಲಿ ಹೀಗಾಗುತ್ತಿದ್ದರೆ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಫೀಲ್ಡ್ ಕ್ರಮವನ್ನು ಬದಲಿಸಿ. ಕಂಪ್ಯೂಟರ್ ಪರದೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡಿತೆಂದು ಡಿಇಂಟರ್‌ಲೇಸ್ ಮಾಡಲು, ಅಂದರೆ ಎರಡು ಫೀಲ್ಡ್‌ಗಳ ಚಿತ್ರವನ್ನು ಇಡೀ ಫ್ರೇಮ್‌ಗಳಾಗಿ ಬದಲಿಸಲು, ಹೋಗಬೇಡಿ. ಟೇಪೂ 576 ಸಾಲು, ಡಿವಿಡಿಯೂ 576 ಸಾಲು, ಇದ್ದಂತೆಯೇ ಹೋಗಲಿ.

ಮೊಬೈಲ್ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. ಅದನ್ನು 25ಕ್ಕೆ ಇಳಿಸುವಾಗ ತಂತ್ರಾಂಶ ಪಕ್ಕಪಕ್ಕದ ಫ್ರೇಮ್‌ಗಳನ್ನು ಬೆರೆಸಿದರೆ ಓಡಾಡುವ ಮಕ್ಕಳ ಹಿಂದೆ ನೆರಳು ಬರುತ್ತದೆ. ಬೆರೆಸುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಒಂದಿಷ್ಟು ಕುಲುಕಾಟ ಬಂದರೂ ನನಗೆ ಅದೇ ವಾಸಿ. ವಾಟ್ಸ್‌ಆ್ಯಪ್ ತುಣುಕುಗಳನ್ನಂತೂ ಕಳಿಸಿದವರಿಂದಲೇ ಮತ್ತೆ ಕೇಳಿ ಪಡೆಯಿರಿ, ಈ ಸಲ ಡಾಕ್ಯುಮೆಂಟ್ ಆಗಿ. ಹಾಗೆ ಕಳಿಸಿದರೆ ಕುಗ್ಗದೆ ಬರುತ್ತದೆ. ಅತ್ತೆಗೋ ಚಿಕ್ಕಪ್ಪನಿಗೋ ಫೋನಿನಲ್ಲಿ ಇದನ್ನು ವಿವರಿಸುವುದೇ ಇಡೀ ಕೆಲಸದ ಕಷ್ಟದ ಭಾಗ.

ಇನ್ನು ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣ. 4.7 ಜಿಬಿ ಡಿಸ್ಕಿನಲ್ಲಿ 2 ಗಂಟೆ ತುಂಬಿಸಿದರೆ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ ಸುಮಾರು 5 ಮೆಗಾಬಿಟ್. 1 ಗಂಟೆಯಾದರೆ 8ರವರೆಗೂ ನಿಶ್ಚಿಂತೆಯಿಂದ ಹೋಗಬಹುದು. ಚಿತ್ರಕ್ಕೆ ಡಿವಿಡಿ ಒಪ್ಪುವ ಗರಿಷ್ಠ 9.8, ಆದರೆ ಅಂಚಿಗೆ ಹೋದರೆ ಕೆಲವು ಹಳೆಯ ಪ್ಲೇಯರ್‌ಗಳು ತಡವರಿಸುತ್ತವೆ. ಎರಡು ಸುತ್ತಿನ ಎನ್‌ಕೋಡಿಂಗ್ ಆಯ್ಕೆ ಇದ್ದರೆ ಅದನ್ನೇ ಹಾಕಿ; ಮೊದಲ ಸುತ್ತು ಚಿತ್ರವನ್ನು ಪರಿಶೀಲಿಸಲು ಮಾತ್ರ, ಆದ್ದರಿಂದ ಇದೂ ಒಂದೇ ಸಲದ ಎನ್‌ಕೋಡ್. ಸಮಯ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಧ್ವನಿ 48 ಕಿಲೋಹರ್ಟ್ಸ್ ಇರಲಿ.

ಒಟ್ಟು ಎಷ್ಟು ನಿಮಿಷವೆಂದು ನೀವು ಹೇಳಿಲ್ಲ. 2 ಗಂಟೆ ಮೀರುವುದಾದರೆ ಒಂದರಲ್ಲೇ ತುರುಕಬೇಡಿ, ಟೇಪು ಮತ್ತು ಮದುವೆಯದ್ದು ಒಂದು ಡಿಸ್ಕ್, ಮೊಬೈಲಿನದ್ದು ಇನ್ನೊಂದು ಎಂದು ಎರಡು ಮಾಡಿ.