ಬೆಳೆಯಬೇಕೆಂಬ ಆಸೆ ಇದ್ದರೆ ಆರೋಗ್ಯದ ಹೊಣೆಯೂ ತಾನಾಗಿಯೇ ಬರುತ್ತದಾ?

ಹೊಸದನ್ನು ಕಲಿಯುವುದು, ಕೆಲಸದಲ್ಲಿ ಮುಂದೆ ಬರುವುದು ಅಂದರೆ ನಿಮಗೆ ಹುರುಪು. ಆದರೆ ವ್ಯಾಯಾಮ, ನಿದ್ದೆ, ತಪಾಸಣೆ ಮಾತ್ರ ಪ್ರತಿ ಸಲ ನಾಳೆಗೆ ಹೋಗುತ್ತವೆ. ಬೆಳೆಯುವ ಆಸೆ ಇರುವವರಿಗೆ ಹೀಗೇಕೆ ಆಗುತ್ತದೆ ಅಂತ ಕೇಳಿದ್ದೀರಿ.

ಆ ಆಸೆ ಇದ್ದ ಮಾತ್ರಕ್ಕೆ ಆರೋಗ್ಯದ ಹೊಣೆ ಬಂದುಬಿಡುವುದಿಲ್ಲ. ದೇಹವನ್ನು ನೋಡಿಕೊಳ್ಳುವುದೂ ನನ್ನ ಬೆಳವಣಿಗೆಯೇ ಅಂತ ಒಳಗಿನಿಂದ ಅನ್ನಿಸಬೇಕು, ಆಗ ಬರುತ್ತದೆ. ನಮ್ಮಲ್ಲಿ ತುಂಬಾ ಜನಕ್ಕೆ ಕಲಿಕೆ ಅಂದರೆ ಇಷ್ಟಪಟ್ಟು ಮಾಡುವುದು, ಆರೋಗ್ಯ ಅಂದರೆ ಯಾರೋ ಹೇಳಿದ್ದಕ್ಕೆ ಮಾಡುವುದು. ಡಾಕ್ಟರ್ ಹೇಳಿದರು, ಮನೆಯವರು ಬೈದರು, ಭಯ ಆಯಿತು. ಹೀಗೆ ಶುರುವಾದದ್ದು ಭಯ ಇರುವಷ್ಟು ದಿನ ನಡೆಯುತ್ತದೆ. ರಿಪೋರ್ಟ್ ಸ್ವಲ್ಪ ಚೆನ್ನಾಗಿ ಬಂತೋ, ಅಲ್ಲಿಗೆ ನಿಂತಿತು.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಹೇಳುವುದೂ ಇದನ್ನೇ. ಒತ್ತಾಯಕ್ಕೆ ಮಾಡಿದ ಕೆಲಸಕ್ಕಿಂತ, ಇದು ನನಗೆ ಮುಖ್ಯ ಅಂತ ಒಪ್ಪಿಕೊಂಡು ಮಾಡಿದ ಕೆಲಸ ಹೆಚ್ಚು ಕಾಲ ಉಳಿಯುತ್ತದೆ. ಅದಕ್ಕೆ ಮೂರು ವಿಷಯ ಬೇಕು ಅನ್ನುತ್ತಾರೆ: ಆಯ್ಕೆ ನನ್ನದು ಅನ್ನಿಸಬೇಕು, ನನ್ನಿಂದ ಆಗುತ್ತದೆ ಅನ್ನಿಸಬೇಕು, ಜೊತೆಗೆ ಜನ ಇರಬೇಕು.

ನನಗೆ ಬಿಪಿ ಇದೆ. ದಿನಾ ಮಾತ್ರೆ ತೆಗೆದುಕೊಳ್ಳುವುದು ನನಗೆ ಮೊದಲು ಬರೀ ಒಂದು ಆಜ್ಞೆಯಾಗಿತ್ತು. ಮನೆಗೆ ಬಿಪಿ ಮಷೀನ್ ತಂದು ಅಳೆಯಲು ಕಲಿತ ಮೇಲೆ ಬೇರೆಯೇ ಆಯಿತು. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಅಳೆಯಬೇಕು ಅನ್ನುವುದು ಆಗಲೇ ಗೊತ್ತಾದದ್ದು. ಬಂದ ಸಂಖ್ಯೆಗಳನ್ನು ಬರೆದಿಟ್ಟೆ. ನಿದ್ದೆಗೆಟ್ಟ ಮರುದಿನ ಎಷ್ಟು, ನಡೆದ ವಾರ ಎಷ್ಟು ಅಂತ ನೋಡುವ ಕುತೂಹಲ ಹುಟ್ಟಿತು. ಆ ಪುಸ್ತಕ ಹಿಡಿದು ಡಾಕ್ಟರ್ ಹತ್ತಿರ ಹೋದರೆ ಮಾತೇ ಬೇರೆ ಥರ ಇರುತ್ತದೆ. ನಾನು ಪ್ರಶ್ನೆ ಕೇಳುತ್ತೇನೆ, ಅವರು ವಿವರಿಸುತ್ತಾರೆ, ಇಬ್ಬರೂ ಸೇರಿ ತೀರ್ಮಾನ ಮಾಡುತ್ತೇವೆ. ಮಾತ್ರೆ ಅದೇ, ದೇಹ ಅದೇ, ಆದರೆ ಈಗ ಅದು ನನ್ನ ಕೆಲಸ. ದೀರ್ಘಕಾಲದ ಕಾಯಿಲೆ ಇರುವವರಲ್ಲಿ, ಮುಂದುವರಿದ ದೇಶಗಳಲ್ಲೂ, ಸುಮಾರು ಅರ್ಧದಷ್ಟು ಜನ ಮಾತ್ರ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಪಾಲಿಸದ ಅಷ್ಟೂ ಜನ ಸೋಮಾರಿಗಳು ಅಂತ ನಾನು ನಂಬುವುದಿಲ್ಲ.

ನಿಮ್ಮ ವಿಷಯಕ್ಕೆ ಇನ್ನೊಂದು ಮಾತು ಸರಿಹೊಂದುತ್ತದೆ. ಕ್ರಿಸ್ಟೀನ್ ರಾಬಿಚೆಕ್ ಎಂಬ ಸಂಶೋಧಕಿ, ತನ್ನನ್ನು ತಾನು ಬೆಳೆಸಿಕೊಳ್ಳುವುದರಲ್ಲಿ ನಾಲ್ಕು ಭಾಗ ಗುರುತಿಸುತ್ತಾರೆ. ಬದಲಾಗಲು ಸಿದ್ಧ ಇರುವುದು, ಯೋಜನೆ ಹಾಕುವುದು, ನೆರವು ಬಳಸಿಕೊಳ್ಳುವುದು, ಬೇಕೆಂದೇ ಕೆಲಸಕ್ಕೆ ಇಳಿಯುವುದು. ಹೊಸ ಕೌಶಲ ಕಲಿಯುವಾಗ ನೀವು ನಾಲ್ಕನ್ನೂ ಮಾಡುತ್ತಿದ್ದೀರಿ ಅಂತ ಕಾಣುತ್ತದೆ. ಸಮಯ ಗೊತ್ತುಮಾಡುತ್ತೀರಿ, ಗೊತ್ತಿರುವವರನ್ನು ಕೇಳುತ್ತೀರಿ. ಆರೋಗ್ಯದ ವಿಷಯದಲ್ಲಿ ಮಾತ್ರ "ಶುರು ಮಾಡಬೇಕು" ಎಂಬಲ್ಲಿಗೆ ನಿಲ್ಲುತ್ತೀರಿ, ಅಲ್ವಾ?

ನೆರವು ಬಳಸಿಕೊಳ್ಳುವುದನ್ನು ನಾನು ಒತ್ತಿ ಹೇಳುತ್ತೇನೆ. ಹೊಣೆ ಹೊರುವುದು ಅಂದರೆ ಒಬ್ಬರೇ ಹೊರುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಜೀವನಶೈಲಿ ಬದಲಿಸಿಕೊಂಡ ಗುಂಪಿನಲ್ಲಿ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಶೇ 31ರಷ್ಟು. ಮೊದಲ ಗುಂಪಿನವರ ಗುರಿ ತೂಕದಲ್ಲಿ ಶೇ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ವ್ಯಾಯಾಮ. ಬರೀ ಬುದ್ಧಿಮಾತು ಹೇಳಿ ಅವರನ್ನು ಮನೆಗೆ ಕಳಿಸಿರಲಿಲ್ಲ. ಪ್ರತಿಯೊಬ್ಬರಿಗೂ ಜೊತೆಗೆ ನಿಂತು ಹೇಳಿಕೊಡುವ ಒಬ್ಬರು ಇದ್ದರು.

ಬೆಳೆಯುವ ಆಸೆ ಜಾಸ್ತಿ ಇರುವವರಿಗೆ ಒಂದು ಅಪಾಯವೂ ಇದೆ. ಎಲ್ಲವನ್ನೂ ಪಾಸು-ಫೇಲಿನ ಪರೀಕ್ಷೆಯಂತೆ ನೋಡುತ್ತಾರೆ. ಒಂದು ದಿನ ತಪ್ಪಿದರೆ ಫೇಲ್ ಆದೆ ಅಂತ ಕೈಬಿಡುತ್ತಾರೆ. ಲಂಡನ್ನಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು, ಕೆಲವರಿಗೆ 18, ಕೆಲವರಿಗೆ 254ರ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಇನ್ನು, ಕಾಯಿಲೆ ಬಂದರೆ ಅದು ನಿಮ್ಮ ತಪ್ಪು ಅಂತಲೂ ಅಲ್ಲ. ವಂಶವಾಹಿ, ವಯಸ್ಸು, ಆದಾಯ, ಕೆಲಸದ ವೇಳೆ, ಇವೆಲ್ಲಾ ಪೂರ್ತಿ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವ ಭಾಗಕ್ಕೆ ಮಾತ್ರ ನಾವು ಹೊಣೆ.

ಹಾಗಾಗಿ ಮುಂದೂಡುತ್ತಿರುವ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ, ಯಾವುದರ ನಂತರ ಅಂತ ಬರೆದಿಡಿ. ತಪಾಸಣೆಯನ್ನೇ ಆರಿಸಿದರೆ ಇನ್ನೂ ಸುಲಭ. ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಿ.