ಆರೋಗ್ಯ ಪ್ರಶ್ನೋತ್ತರ: ಕ್ಯಾನ್ಸರ್ ಚಿಕಿತ್ಸೆಯ ನಡುವೆ ವ್ಯಾಯಾಮ

ಪ್ರಶ್ನೆ: ನನ್ನ ತಾಯಿಗೆ 52 ವರ್ಷ. ಬಲ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿದ್ದು, ಈಗ ಕಿಮೊಥೆರಪಿ ನಡೆಯುತ್ತಿದೆ. ದಿನವಿಡೀ ಸುಸ್ತು ಎನ್ನುತ್ತಾರೆ. ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ದಿನವೂ ನಡೆಯಬೇಕೆಂದು ಹೇಳಿದ್ದಾರೆ. ಮನೆಯ ಹಿರಿಯರು ಹಾಸಿಗೆಯಿಂದ ಏಳಲು ಬಿಡುತ್ತಿಲ್ಲ. ಯಾರ ಮಾತನ್ನು ಕೇಳಬೇಕು? ಆಪರೇಷನ್ ಆದ ಬದಿಯ ಕೈಯಲ್ಲಿ ಇನ್ನೆಂದೂ ಭಾರ ಎತ್ತಬಾರದು ಎನ್ನುವುದು ನಿಜವೇ? – ಓದುಗರು, ಹಾಸನ

ಉತ್ತರ: ಫಿಸಿಯೊಥೆರಪಿಸ್ಟ್ ಹೇಳಿದ್ದನ್ನೇ ಕೇಳಿ. ಹಿರಿಯರ ಮಾತಿನ ಹಿಂದೆ ಇರುವುದು ಅಕ್ಕರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕ್ಯಾನ್ಸರ್ ತರುವ ಸುಸ್ತು ಗದ್ದೆ ಕೆಲಸ ಮುಗಿಸಿ ಬಂದಾಗಿನ ಆಯಾಸದಂತಲ್ಲ, ಅದು ಮಲಗಿದಷ್ಟಕ್ಕೆ ಇಳಿಯುವುದಿಲ್ಲ. ಮಲಗಿಯೇ ಇರುವವರ ತೊಡೆ, ಸೊಂಟದ ಸ್ನಾಯುಗಳು ಕೆಲವೇ ದಿನಗಳಲ್ಲಿ ಸೊರಗತೊಡಗುತ್ತವೆ. ಸ್ನಾಯು ಸೊರಗಿದ ಮೇಲೆ ಬಚ್ಚಲುಮನೆಗೆ ಹೋಗಿ ಬರುವುದೂ ದೊಡ್ಡ ಕೆಲಸವಾಗಿ, ಸುಸ್ತು ಇನ್ನಷ್ಟು ಹೆಚ್ಚಿ, ರೋಗಿ ಮತ್ತೆ ಮಲಗುತ್ತಾರೆ. ಈ ಸುತ್ತನ್ನು ಮುರಿಯುವುದಕ್ಕೆ ನಡಿಗೆ ಬೇಕು. ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜು ಹಲವು ದೇಶಗಳ ತಜ್ಞರನ್ನು ಸೇರಿಸಿ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ವಾರಕ್ಕೆ ಮೂರು ಸಲ 30 ನಿಮಿಷದ ಮಧ್ಯಮ ವೇಗದ ವ್ಯಾಯಾಮವನ್ನು ಎರಡು ಮೂರು ತಿಂಗಳು ಮಾಡಿದವರಲ್ಲಿ ಸುಸ್ತು, ಆತಂಕ, ಖಿನ್ನತೆ ಮೂರೂ ಇಳಿಯುತ್ತವೆ.

ನಿಮ್ಮ ತಾಯಿಯವರು ಮೊದಲ ದಿನವೇ 30 ನಿಮಿಷ ನಡೆಯಬೇಕಾಗಿಲ್ಲ. ಹಜಾರದಲ್ಲಿಯೋ ಅಂಗಳದಲ್ಲಿಯೋ ಐದು ನಿಮಿಷದಂತೆ ದಿನಕ್ಕೆ ಎರಡು ಮೂರು ಬಾರಿ ನಡೆದರೆ ಸಾಕು. ನಡೆಯುವಾಗ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಮ ವೇಗಕ್ಕೆ ಇದಕ್ಕಿಂತ ಸುಲಭದ ಅಳತೆ ಇಲ್ಲ. ಕಿಮೊ ಕೊಟ್ಟ ನಂತರದ ಕೆಲವು ದಿನಗಳು ಭಾರವಾಗಿಯೇ ಇರುತ್ತವೆ, ಆಗ ಹೊತ್ತನ್ನು ಕಡಿಮೆ ಮಾಡಬಹುದು. ಪೂರ್ತಿ ಬಿಡುವುದು ಬೇಡ. ಆದರೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ವ್ಯಾಯಾಮ ನಿಲ್ಲಿಸಿ, ಹಗಲು ರಾತ್ರಿ ನೋಡದೆ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಕುಳಿತಾಗಲೂ ಏದುಸಿರು, ತಲೆ ಸುತ್ತು, ವಸಡಿನಲ್ಲಿ ರಕ್ತ ಕಂಡರೂ ವೈದ್ಯರನ್ನು ಕೇಳದೆ ಮುಂದುವರಿಸಬಾರದು. ಕೆಲವು ಕಿಮೊ ಔಷಧಿಗಳು ಹೃದಯವನ್ನು ದುರ್ಬಲಗೊಳಿಸುವುದರಿಂದ ಎಕೊ (ಹೃದಯದ ಸ್ಕ್ಯಾನ್) ವರದಿಯನ್ನೂ, ಹಿಮೊಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಎಷ್ಟಿವೆ ಎಂಬುದನ್ನೂ ಫಿಸಿಯೊಥೆರಪಿಸ್ಟ್‌ಗೆ ತೋರಿಸಿ.

ಇನ್ನು ಕೈಯ ವಿಚಾರ. ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದ ಮೇಲೆ, ಅವುಗಳ ಮೂಲಕ ಸಾಗುವ ತಿಳಿದ್ರವವಾದ ದುಗ್ಧರಸ ಸರಾಗವಾಗಿ ಹರಿಯದೆ ಕೈ ಊದಿಕೊಳ್ಳುವ ಸಂಭವ ಇರುವುದರಿಂದ, ಭಾರ ಎತ್ತಲೇಬೇಡಿ ಎಂದು ವೈದ್ಯರೂ ಬಹುಕಾಲ ಹೇಳುತ್ತಿದ್ದರು. ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಈಗಾಗಲೇ ಕೈ ಊತವಿದ್ದ 141 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾದಾಗ ಈ ನಂಬಿಕೆ ಸಡಿಲವಾಯಿತು. ಕಡಿಮೆ ತೂಕದಿಂದ ಆರಂಭಿಸಿ, ಬಿಗಿಯಾದ ವಿಶೇಷ ತೋಳುಚೀಲ ಧರಿಸಿ, ವಾರಕ್ಕೆರಡು ಬಾರಿ ಕ್ರಮವಾಗಿ ಭಾರ ಎತ್ತಿದವರಲ್ಲಿ ಊತ ಹೆಚ್ಚಲಿಲ್ಲ. ಅದು ಏಕಾಏಕಿ ಉಲ್ಬಣಿಸಿದ ಪ್ರಸಂಗಗಳು ಭಾರ ಎತ್ತದವರಲ್ಲಿಯೇ ಹೆಚ್ಚು ಕಂಡವು. ಹಾಗೆಂದು ನಾಳೆಯೇ ಕೊಡ ಹೊರಬೇಕೆಂದಲ್ಲ. ಗಾಯ ಮಾಯ್ದ ಮೇಲೆ, ತಾಯಿಯವರು ಗೋಡೆಗೆ ಮುಖ ಮಾಡಿ ನಿಂತು ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಮೇಲಕ್ಕೆ ನಡೆಸಲಿ. ಕಂಕುಳಲ್ಲಿ ಎಳೆತ ತಿಳಿದಲ್ಲಿ ನಿಲ್ಲಿಸಿ, ಅಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ವಾರದಿಂದ ವಾರಕ್ಕೆ ಗೆರೆ ಮೇಲೇರುವುದನ್ನು ನೋಡಿದರೆ ಮನೆಯ ಹಿರಿಯರಿಗೂ ಧೈರ್ಯ ಬರುತ್ತದೆ. ಕೈ ಭಾರವೆನಿಸಿದರೆ, ಬಳೆ ಬಿಗಿಯಾದರೆ ತಡಮಾಡದೆ ತೋರಿಸಿ.

ಪ್ರಶ್ನೆ: ನನ್ನ ಯಜಮಾನರಿಗೆ ಕೆನ್ನೆಯ ಕ್ಯಾನ್ಸರ್ ಆಗಿ, ಆಪರೇಷನ್ ಮತ್ತು ರೇಡಿಯೇಷನ್ ಎರಡೂ ಮುಗಿದಿವೆ. ಈಗ ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತದೆ, ರೊಟ್ಟಿ ತಿನ್ನಲಾಗುತ್ತಿಲ್ಲ. ಒಂದು ಭುಜವೂ ಜೋತುಬಿದ್ದಿದೆ. ಇದು ಹೀಗೆಯೇ ಉಳಿಯುತ್ತದೆಯೇ? – ಓದುಗರು, ಗದಗ

ಉತ್ತರ: ತಂಬಾಕು, ಗುಟ್ಕಾಗಳ ದೆಸೆಯಿಂದ ನಮ್ಮಲ್ಲಿ ಬಾಯಿ ಕ್ಯಾನ್ಸರ್ ಇಷ್ಟೊಂದು ಇದ್ದರೂ, ಆಪರೇಷನ್ ಆದವರಿಗೆ ಬಾಯಿ ತೆರೆಯುವ ವ್ಯಾಯಾಮವನ್ನು ಮೊದಲೇ ಕಲಿಸಿ ಕಳುಹಿಸುವುದು ಎಷ್ಟೋ ಕಡೆ ಆಗುತ್ತಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಜೊತೆಗೆ ವ್ಯಾಯಾಮವನ್ನೂ ಬರೆದುಕೊಡಿ ಎಂದು ಕೇಳುವ ಹಕ್ಕು ರೋಗಿಗೆ ಇದೆ. ರೇಡಿಯೇಷನ್ ಮುಗಿದ ಮೇಲೂ ದವಡೆಯ ಸ್ನಾಯುಗಳು ತಿಂಗಳುಗಟ್ಟಲೆ ಗಡುಸಾಗುತ್ತಲೇ ಹೋಗುವುದರಿಂದ, ತಾನಾಗಿಯೇ ಸರಿಹೋಗಲಿ ಎಂದು ಕಾಯುವುದು ನಷ್ಟ. ಸಾಮಾನ್ಯವಾಗಿ ಬಾಯಿ ಮೂರು ಬೆರಳಿನಷ್ಟು ತೆರೆಯಬೇಕು. 35 ಮಿಲಿಮೀಟರಿಗಿಂತ ಕಡಿಮೆಯಾದರೆ ಚಿಕಿತ್ಸೆ ಬೇಕೆಂದೇ ಅರ್ಥ.

ಇದಕ್ಕೆ ದುಬಾರಿ ಉಪಕರಣಗಳೂ ಇವೆ, ಆದರೆ ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಲಿಸುವುದು ಐಸ್‌ಕ್ರೀಂ ಕಡ್ಡಿಗಳ ವ್ಯಾಯಾಮ. ಶುಚಿಯಾದ ಚಪ್ಪಟೆ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಬಾಯಿ ಎಷ್ಟು ತೆರೆಯುವುದೋ ಅಷ್ಟು ಕಡ್ಡಿಗಳ ಕಟ್ಟನ್ನು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿರಬೇಕು. ಅದು ಒಗ್ಗಿದ ಮೇಲೆ ಮಧ್ಯದಲ್ಲಿ ಇನ್ನೊಂದು ಕಡ್ಡಿಯನ್ನು ಮೆಲ್ಲಗೆ ತೂರಿಸಬೇಕು. ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ಮಾಡಬೇಕಾಗುತ್ತದೆ. ಎಳೆತ ಇರಲಿ, ಚುಚ್ಚುವ ನೋವಿಗೆ ಎಡೆಗೊಡಬೇಡಿ. ಹಲ್ಲು ಸಡಿಲವಾಗಿದ್ದರೆ, ದವಡೆಯ ಮೂಳೆ ತೆಗೆದಿದ್ದರೆ ಅಥವಾ ಅಲ್ಲಿ ಪ್ಲೇಟ್ ಹಾಕಿದ್ದರೆ ಸರ್ಜನ್ ಒಪ್ಪಿಗೆಯಿಲ್ಲದೆ ಆರಂಭಿಸಬಾರದು. ಚೆನ್ನಾಗಿ ತೆರೆಯುತ್ತಿದ್ದ ಬಾಯಿ ಹಠಾತ್ತನೆ ಬಿಗಿದರೆ ರೋಗ ಮರುಕಳಿಸಿದೆಯೇ, ಮೂಳೆ ಕೆಟ್ಟಿದೆಯೇ ಎಂದು ಪರೀಕ್ಷಿಸಲೇಬೇಕು. ನುಂಗುವುದಕ್ಕೂ ಮಾತಿಗೂ ತೊಂದರೆಯಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು.

ಕತ್ತಿನ ಗ್ರಂಥಿಗಳನ್ನು ತೆಗೆಯುವಾಗ ಭುಜವನ್ನು ಎತ್ತಿಹಿಡಿಯುವ ಸ್ನಾಯುವಿನ ನರಕ್ಕೆ ಪೆಟ್ಟಾಗುವುದರಿಂದ ಭುಜ ಜೋಲುತ್ತದೆ. ನರ ತುಂಡಾಗಿರದೆ ಬರೀ ಜಗ್ಗಿದ್ದರೆ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳಬಹುದು. ಅಲ್ಲಿಯವರೆಗೆ ಕೀಲು ಬಿಗಿದುಕೊಳ್ಳದಂತೆ, ಎರಡೂ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಸೇರಿಸುವ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟ್ ಬಳಿ ಕಲಿತು ಮಾಡಲಿ. ಕುಳಿತಾಗ ತೋಳಿನಡಿ ದಿಂಬು ಇರಲಿ.

ಪ್ರಶ್ನೆ: ದೊಡ್ಡ ಕರುಳಿನ ಕ್ಯಾನ್ಸರಿಗೆ ನನ್ನ ಚಿಕಿತ್ಸೆ ಮುಗಿದಿದೆ. ವ್ಯಾಯಾಮ ಮಾಡಿದರೆ ರೋಗ ಮರುಕಳಿಸುವುದಿಲ್ಲವೇ? – ಓದುಗರು, ಬೆಂಗಳೂರು

ಉತ್ತರ: ಮರುಕಳಿಸುವುದೇ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು; ಸಂಭವ ಕಡಿಮೆಯಾಗುತ್ತದೆ ಎನ್ನಲು ಈಗ ಬಲವಾದ ಆಧಾರವಿದೆ. ಮುಖ್ಯವಾಗಿ ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ, ಆಪರೇಷನ್ ಮತ್ತು ಕಿಮೊ ಮುಗಿಸಿದ 889 ಕರುಳು ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ‘ಚಾಲೆಂಜ್’ ಅಧ್ಯಯನದ ಫಲಿತಾಂಶ 2025ರಲ್ಲಿ ಹೊರಬಂದಿತು. ಮೂರು ವರ್ಷ ಮಾರ್ಗದರ್ಶಕರ ನೆರವಿನಿಂದ ವ್ಯಾಯಾಮ ಮಾಡಿದ ಗುಂಪಿನಲ್ಲಿ ಐದು ವರ್ಷಗಳ ನಂತರ ಶೇ 80.3ರಷ್ಟು ಜನ ರೋಗಮುಕ್ತರಾಗಿದ್ದರು. ಕೇವಲ ಆರೋಗ್ಯದ ಕೈಪಿಡಿ ಪಡೆದ ಗುಂಪಿನಲ್ಲಿ ಆ ಪ್ರಮಾಣ ಶೇ 73.9. ಎಂಟು ವರ್ಷಗಳ ಲೆಕ್ಕದಲ್ಲಿ ಬದುಕುಳಿದವರ ಪ್ರಮಾಣವೂ ವ್ಯಾಯಾಮದ ಗುಂಪಿನಲ್ಲಿಯೇ ಹೆಚ್ಚು, ಶೇ 90.3, ಇನ್ನೊಂದರಲ್ಲಿ ಶೇ 83.2. ಅವರು ಮಾಡಿದ್ದರಲ್ಲಿ ಬಹುಪಾಲು ಬಿರುಸಿನ ನಡಿಗೆಯಂಥದ್ದೇ. ಕೀಲು, ಸ್ನಾಯು ನೋವು ಮಾತ್ರ ಆ ಗುಂಪಿನಲ್ಲಿ ತುಸು ಹೆಚ್ಚಿತ್ತು, ಆದ್ದರಿಂದ ವೇಗವನ್ನು ಹಂತಹಂತವಾಗಿ ಹೆಚ್ಚಿಸಿ. ಇದು ಕಿಮೊಗೆ ಬದಲಿಯಲ್ಲ, ಕಿಮೊ ಮುಗಿದ ಮೇಲಿನ ಚಿಕಿತ್ಸೆ.

ಪ್ರಶ್ನೆ: ನನ್ನ ಅತ್ತೆಯವರಿಗೆ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ಯೋಗ ತರಗತಿಗೆ ಕಳುಹಿಸಬಹುದೇ? – ಓದುಗರು, ಶಿವಮೊಗ್ಗ

ಉತ್ತರ: ಸಾಮಾನ್ಯ ತರಗತಿಗೆ ಬೇಡ. ಸ್ತನ ಕ್ಯಾನ್ಸರಿಗೆ ಕಿಮೊ ಪಡೆಯುತ್ತಿದ್ದ ಮಹಿಳೆಯರಲ್ಲಿ ಯೋಗದಿಂದ ವಾಕರಿಕೆ ಕಡಿಮೆಯಾದುದನ್ನು ಬೆಂಗಳೂರಿನ ಸಂಶೋಧಕರೇ 2007ರಲ್ಲಿ ಪ್ರಕಟಿಸಿದ್ದಾರೆ, ಯೋಗದ ಬಗ್ಗೆ ನನಗೆ ಆದರವೇ ಇದೆ. ಆದರೆ ಟೊಳ್ಳಾದ ಮೂಳೆ ಮುಂದಕ್ಕೆ ಬಾಗುವ, ತಿರುಚುವ ಆಸನಗಳನ್ನು ತಾಳದೆ ಮುರಿಯಬಹುದು. ಯಾವ ಮೂಳೆ ಎಷ್ಟು ದುರ್ಬಲವಾಗಿದೆ ಎಂದು ಸ್ಕ್ಯಾನ್ ನೋಡಿ ವೈದ್ಯರು ಹೇಳಿದ ಮೇಲೆ, ಕುರ್ಚಿಯಲ್ಲಿ ಕುಳಿತು ಮಾಡುವ ಕೈಕಾಲಿನ ವ್ಯಾಯಾಮ, ಸರಳ ಉಸಿರಾಟ, ಆಸರೆಯೊಡನೆ ಸಮತಟ್ಟು ನೆಲದ ನಡಿಗೆ ಇಷ್ಟನ್ನು ಮಾಡಿಸಬಹುದು. ಬೆನ್ನುನೋವು ಹೊಸದಾಗಿ ಹೆಚ್ಚಿದರೆ, ಕಾಲು ಸೋತರೆ ಅಥವಾ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಮರುದಿನಕ್ಕೆಂದು ಕಾಯಬೇಡಿ. ಬೆನ್ನುಮೂಳೆಯೊಳಗಿನ ನರಗಳ ಹುರಿಯಾದ ಮಿದುಳುಬಳ್ಳಿ ಒತ್ತಿಹೋಗುತ್ತಿರುವ ಲಕ್ಷಣ ಅದು. ಕಾಲಿನ ಶಕ್ತಿ ಪೂರ್ತಿ ಹೋಗುವ ಮೊದಲೇ ಚಿಕಿತ್ಸೆ ಆರಂಭವಾದರೆ ಅತ್ತೆಯವರು ನಡೆಯಬಲ್ಲವರಾಗಿ ಉಳಿಯುವ ಸಾಧ್ಯತೆ ಬಹಳ ಹೆಚ್ಚು.